ಲಿಥುವೇನಿಯಾದ ಪಾರ್ಟಿ ಪ್ರೇಮಗೀತೆಗಳು: ಮದುವೆಮನೆಯ ಹಾಡನ್ನು ಸಂಸ್ಕೃತಿ ಅಂತ ಯಾಕೆ ಒಪ್ಪಲ್ಲ?

ನೆಮುನಾಸ್ ತೀರ

ಎಲ್ಲರಿಗೂ ನಮಸ್ಕಾರ. ನಾನು ಕೌನಸ್‌ನಲ್ಲಿ ಕೆಲಸದಲ್ಲಿದ್ದೀನಿ. ಈ ದೇಶದ ಸಂಗೀತ ಅಂದ್ರೆ ಯಾರನ್ನ ಕೇಳಿದ್ರೂ ಒಂದೇ ಉತ್ತರ ಬರುತ್ತೆ: ಸಾವಿರಾರು ಜನ ಜನಪದ ಉಡುಗೆ ತೊಟ್ಟು ಒಟ್ಟಿಗೆ ಹಾಡೋ ಹಾಡುಹಬ್ಬ. ಪ್ರವಾಸಿ ಕೈಪಿಡಿಯಲ್ಲೂ ಅದೇ, ಯುನೆಸ್ಕೋ ಪಟ್ಟಿಯಲ್ಲೂ ಅದೇ. ಆದ್ರೆ ಶನಿವಾರ ರಾತ್ರಿ ಇಲ್ಲಿಯವರ ಮದುವೆಗೋ ಐವತ್ತನೇ ಹುಟ್ಟುಹಬ್ಬಕ್ಕೋ ಹೋಗಿ ನೋಡಿ, ಅಲ್ಲಿ ಕೇಳಿಸೋದು ಬೇರೆ ಹಾಡು. ಒಂದು ಕೀಬೋರ್ಡು, ಒಂದು ಅಕಾರ್ಡಿಯನ್, ಒಬ್ಬ ಗಾಯಕ, ಜೊತೆಗೊಬ್ಬ ಗಾಯಕಿ. ನಿಧಾನ ವಾಲ್ಟ್ಜ್, ಟ್ಯಾಂಗೋ, ನಡುನಡುವೆ ಪೋಲ್ಕಾ. ಸಮುದ್ರ ತೀರ, ಮಳೆ, ಶರತ್ಕಾಲದ ಎಲೆ, ಬಿಟ್ಟುಹೋದ ಹುಡುಗಿ, ವಾಪಸ್ ಬರ್ತೀನಿ ಅಂದ ಹುಡುಗ. ಎಲ್ಲರಿಗೂ ಬಾಯಿಪಾಠ.

ಇಂಥ ಕೂಟಕ್ಕೆ ಇಲ್ಲಿ ‘ಬಲ್ಯುಸ್’ ಅಂತಾರೆ, ಅದರ ಹಾಡುಗಳು ‘ಬಲ್ಯುಸ್ ಹಾಡು’. ಸ್ತಾಸಿಸ್ ಪೊವಿಲಾಯ್ಟಿಸ್, ಎದ್ಮುಂದಸ್ ಕುಚಿನ್ಸ್ಕಸ್, ಗಂಡ-ಹೆಂಡತಿ ಜೋಡಿ ಜಿಲ್ವಿನಸ್ ಜ್ವಾಗುಲಿಸ್ ಮತ್ತು ಇರೆನಾ ಸ್ತರೋಶಾಯ್ಟೆ, ಈಚಿನವರಲ್ಲಿ ರೀತಿಸ್ ಚಿತ್ಸಿನಸ್. ಈ ಗಾಯಕರ ಹೆಸರು ಎತ್ತಿದ್ರೆ ಆಫೀಸಿನ ಓದಿದ ಜನ ಮುಖ ಸಿಂಡರಿಸ್ತಾರೆ, ‘ಪೊಪ್ಸಸ್’, ಅಂದ್ರೆ ಅಗ್ಗದ ಪಾಪ್, ಅಂತ ತಳ್ಳಿಹಾಕ್ತಾರೆ. ಅದೇ ಜನ ಮದುವೆಯಲ್ಲಿ ರಾತ್ರಿ ಹನ್ನೊಂದರ ಮೇಲೆ ಕಣ್ಮುಚ್ಚಿಕೊಂಡು ಎರಡನೇ ಚರಣನೂ ಬಿಡದೆ ಹಾಡೋದನ್ನ ನಾನೇ ನೋಡಿದ್ದೀನಿ.

ನನ್ನ ವಾದ ಇಷ್ಟೇ. ಲಿಥುವೇನಿಯನ್ ಅನ್ನೋದು ಪ್ರಾರ್ಥನೆಗೆ, ಹೊಲಕ್ಕೆ, ಹೋರಾಟಕ್ಕೆ ಮಾತ್ರ ಸೇರಿದ ಭಾಷೆ ಅಲ್ಲ, ಪಟ್ಟಣದಲ್ಲಿ ಒಬ್ಬರ ಸೊಂಟ ಹಿಡಿದು ಕುಣಿಯುವಾಗಲೂ ಆಡಬಹುದಾದ ಭಾಷೆ ಅಂತ ತೋರಿಸಿಕೊಟ್ಟಿದ್ದು ಈ ಹಾಡುಗಳು. ಅದಕ್ಕೇ ಇವಕ್ಕೆ ಹಾಡುಹಬ್ಬದ ಪಕ್ಕದಲ್ಲೇ ಜಾಗ ಸಿಗಬೇಕು. ತಿಳಿದವರು ಬರೀರಿ.

ಹಳೇ ಗ್ರಾಮಫೋನ್

ಒಳ್ಳೆಯ ವಿಷಯ ಎತ್ತಿದ್ದೀರಿ. ಎರಡು ಮಹಾಯುದ್ಧಗಳ ನಡುವಿನ ಯುರೋಪಿನ ನೃತ್ಯಸಂಗೀತದ ಡಿಸ್ಕ್‌ಗಳನ್ನು ಹುಡುಕುವುದು ನನ್ನ ಹುಚ್ಚು. ಹಾಗಾಗಿ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

1864ರಿಂದ 1904ರವರೆಗೆ, ಅಂದರೆ ನಲವತ್ತು ವರ್ಷ, ಈ ನಾಡನ್ನು ಆಳುತ್ತಿದ್ದ ರಷ್ಯಾದ ಝಾರ್ ಸರ್ಕಾರ ಲಿಥುವೇನಿಯನ್ ಭಾಷೆಯನ್ನು ಲ್ಯಾಟಿನ್ ಲಿಪಿಯಲ್ಲಿ ಅಚ್ಚು ಹಾಕುವುದನ್ನೇ ನಿಷೇಧಿಸಿತ್ತು. ಪುಸ್ತಕಗಳು ಪ್ರಷ್ಯಾದ ಗಡಿ ದಾಟಿ ಕದ್ದು ಬರುತ್ತಿದ್ದವು. ಪಟ್ಟಣದ ಸಭ್ಯ ಸಮಾಜ ಮಾತಾಡುತ್ತಿದ್ದದ್ದು ಪೋಲಿಷ್, ರಷ್ಯನ್, ಜರ್ಮನ್, ಯಿಡ್ಡಿಷ್. 1918ರಲ್ಲಿ ದೇಶ ಸ್ವತಂತ್ರವಾಯಿತು. ವಿಲ್ನಿಯಸ್ ಪೋಲೆಂಡಿನ ಕೈಗೆ ಹೋದದ್ದರಿಂದ ಕೌನಸ್ ತಾತ್ಕಾಲಿಕ ರಾಜಧಾನಿಯಾಯಿತು. ಸೈನಿಕ ಕೋಟೆಯ ಊರಿಗೆ ಒಮ್ಮೆಲೇ ಸಚಿವಾಲಯ, ರಾಯಭಾರ ಕಚೇರಿ, ರಂಗಮಂದಿರ, ರೆಸ್ಟೋರೆಂಟು ಎಲ್ಲ ಬಂದವು. 1926ರ ಜೂನ್ 12ರಂದು ಕೌನಸ್ ರೇಡಿಯೋ ಪ್ರಸಾರ ಶುರುವಾಯಿತು.

1929ರಲ್ಲಿ ಆ ಊರಿಗೆ ದಾನಿಯೆಲ್ಯುಸ್ ಡೋಲ್ಸ್ಕಿಸ್ ಬಂದರು. 1891ರಲ್ಲಿ ವಿಲ್ನಿಯಸ್‌ನ ಯೆಹೂದಿ ಕುಟುಂಬದಲ್ಲಿ ಹುಟ್ಟಿದವರು. ಪೀಟರ್ಸ್‌ಬರ್ಗ್‌ನಲ್ಲಿ, ಆಮೇಲೆ ರೀಗಾದಲ್ಲಿ ವೇದಿಕೆ ಕಂಡಿದ್ದರು. ಕೌನಸ್‌ಗೆ ಬಂದ ಕೆಲವೇ ತಿಂಗಳಲ್ಲಿ ಲಿಥುವೇನಿಯನ್ ಕಲಿತು ‘ವೆರ್ಸಾಲಿಸ್’ ರೆಸ್ಟೋರೆಂಟಿನಲ್ಲಿ ಅದೇ ಭಾಷೆಯಲ್ಲಿ ಹಾಡತೊಡಗಿದರು. ಫಾಕ್ಸ್‌ಟ್ರಾಟ್, ಟ್ಯಾಂಗೋ, ಹಾಸ್ಯಗೀತೆ ಎಲ್ಲವೂ. ಬರ್ಲಿನ್ನಿನ ಹೋಮೋಕಾರ್ಡ್ ಕಂಪನಿ ಅವರ ಡಿಸ್ಕ್‌ಗಳನ್ನು ತಂದಿತು. ‘ಓನಿತೆ, ಬಾ ನನ್ನ ಜೊತೆ ಕುಣಿಯೋಣ’ ಎಂದು ಕರೆಯುವ ಅವರ ಹಾಡು ಈಗಲೂ ಮದುವೆಗಳಲ್ಲಿ ಬರುತ್ತದೆ. 1931ರಲ್ಲಿ, ನಲವತ್ತಕ್ಕೇ, ತೀರಿಕೊಂಡರು. ಕೌನಸ್‌ನಲ್ಲಿ ಹಾಡಿದ್ದು ಎರಡು ವರ್ಷ ಚಿಲ್ಲರೆ. ಅಷ್ಟರಲ್ಲೇ ಒಂದು ಪ್ರಕಾರವನ್ನು ನಿಲ್ಲಿಸಿ ಹೋದರು.

ಅಚ್ಚಿನ ನಿಷೇಧ ತೆರವಾದದ್ದು 1904ರಲ್ಲಿ, ಡೋಲ್ಸ್ಕಿಸ್ ವೇದಿಕೆ ಹತ್ತಿದ್ದು 1929ರಲ್ಲಿ. ನಡುವೆ ಇಪ್ಪತ್ತೈದೇ ವರ್ಷ! ಕದ್ದು ಓದುತ್ತಿದ್ದ ಭಾಷೆಯಲ್ಲಿ ಜನ ಟ್ಯಾಂಗೋ ಆಡುತ್ತಿದ್ದಾರೆ ಎಂದರೆ ಅದು ಸಣ್ಣ ಮಾತಲ್ಲ. ಆಮೇಲೆ ಅಂತಾನಸ್ ಶಬಾನ್ಯೌಸ್ಕಸ್ ಬಂದರು, ಮೃದುವಾದ ಟೆನರ್ ಕಂಠದವರು, ಜನನ 1903. ಇವತ್ತಿನ ಬಲ್ಯುಸ್ ಗಾಯಕ ವಾಕ್ಯದ ಕೊನೆಯಲ್ಲಿ ದನಿಯನ್ನು ಸಣ್ಣಗೆ ಎಳೆದು ಬಿಡುತ್ತಾನಲ್ಲ, ಆ ಚಾಳಿ ನನ್ನ ಕಿವಿಗೆ ನೇರ ಶಬಾನ್ಯೌಸ್ಕಸ್ ಕಡೆಯಿಂದಲೇ ಬಂದಂತೆ ಕೇಳಿಸುತ್ತದೆ.

ಧಾರವಾಡದ ಗಾಳಿ

ಭಾಳ ಚಂದ ಬರದೀರಿ ಗ್ರಾಮಫೋನ್ ಸರ್. ಒಂದು ಪ್ರಶ್ನಾ ಐತಿ. ಡೋಲ್ಸ್ಕಿಸ್ ಯೆಹೂದಿ ಅಂದ್ರಿ. ಅವ್ರ ಹಿಂದ ಪಿಟೀಲು ಬಾರಿಸೋರು, ಬ್ಯಾಂಡಿನೋರು ಯಾರಿದ್ರು? 1941ರ ನಂತರ ಅವ್ರ ಗತಿ ಏನಾತು? ಲಿಥುವೇನಿಯಾದಾಗ ಆದದ್ದು ಓದೇನಿ, ಅದಕ್ಕ ಕೇಳಾಕತ್ತೇನಿ.

ಹಳೇ ಗ್ರಾಮಫೋನ್

ಕೇಳಲೇಬೇಕಾದ ಪ್ರಶ್ನೆ ರೀ. ಕೌನಸ್‌ನ ಕೆಫೆ-ರೆಸ್ಟೋರೆಂಟುಗಳ ವಾದ್ಯವೃಂದಗಳಲ್ಲಿ ಯೆಹೂದಿ ಸಂಗೀತಗಾರರ ಪಾಲು ದೊಡ್ಡದು. ಮೈಕೆಲ್ ಹೋಫ್‌ಮೆಕ್ಲರ್ ಮತ್ತು ದಾನಿಯೆಲ್ಯುಸ್ ಪೊಮೆರಾಂತ್ಸಸ್ ಅವರಲ್ಲಿ ಮುಖ್ಯರು, ಇಬ್ಬರೂ ಪಿಟೀಲುಗಾರರು, ಸ್ವಂತ ತಂಡ ಕಟ್ಟಿದವರು. 1941ರಲ್ಲಿ ನಾಜಿಗಳು ಬಂದರು. ಯುದ್ಧ ಮುಗಿಯುವಷ್ಟರಲ್ಲಿ ಲಿಥುವೇನಿಯಾದ ಯೆಹೂದಿಗಳಲ್ಲಿ ಶೇ. 90ಕ್ಕೂ ಹೆಚ್ಚು ಜನರ ಕೊಲೆಯಾಗಿತ್ತು. ಅದರಲ್ಲಿ ಸ್ಥಳೀಯರೂ ಕೈಜೋಡಿಸಿದ್ದರು.

ಹೋಫ್‌ಮೆಕ್ಲರ್, ಯೆಹೂದಿಗಳನ್ನು ಕೂಡಿಹಾಕಿದ್ದ ಕೌನಸ್ ಘೆಟ್ಟೋದೊಳಗಿನ ವಾದ್ಯವೃಂದವನ್ನು ನಡೆಸಿದರು. ಅಲ್ಲಿಂದ ಅವರನ್ನು ಜರ್ಮನಿಯ ದಾಹಾವ್ ನಾಜಿ ಶಿಬಿರಕ್ಕೆ ಸಾಗಿಸಿದರು. ಅಲ್ಲಿಯೂ ಬದುಕುಳಿದು, ಬಿಡುಗಡೆಯಾದ ಮೇಲೆ ಜರ್ಮನಿಯಲ್ಲೇ ಬದುಕುಳಿದವರ ವಾದ್ಯವೃಂದವನ್ನು ಮುನ್ನಡೆಸಿದರು. ಪೊಮೆರಾಂತ್ಸಸ್ ಕೂಡ ಉಳಿದರು. ಉಳಿಯದವರ ಪಟ್ಟಿ ಬಲು ಉದ್ದ.

ಕೌನಸ್‌ನ ಲೈಸ್ವೆಸ್ ಅಲೆಯಾ ಬೀದಿಯಲ್ಲಿ 2007ರಿಂದ ಡೋಲ್ಸ್ಕಿಸ್ ಪ್ರತಿಮೆಯಿದೆ, ಶಿಲ್ಪಿ ರೊಮುವಾಲ್ದಸ್ ಕ್ವಿಂತಸ್. ಮದುವೆಗಳಲ್ಲಿ ಈ ಹಾಡಿಗೆ ಕುಣಿಯುವ ಎಷ್ಟೋ ಜನರಿಗೆ ಇದನ್ನು ಲಿಥುವೇನಿಯನ್ನಿನಲ್ಲಿ ಮೊದಲು ಹಾಡಿದವರು ಯಾರು, ಆ ಸಮುದಾಯಕ್ಕೆ ಏನಾಯಿತು ಎಂಬುದು ನೆನಪಿಗೆ ಬರುವುದಿಲ್ಲ. ಪಾರ್ಟಿ ಹಾಡಿನ ಬಗ್ಗೆ ಗಂಭೀರವಾಗಿ ಮಾತಾಡಬೇಕು ಎನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಶ್ರುತಿ ಸೇರಲಿ

ಇತಿಹಾಸ ಓದಿ ಮನಸ್ಸು ಭಾರವಾಯ್ತು. ಆದರೂ ಮೂಲ ವಾದಕ್ಕೆ ನನ್ನ ಒಪ್ಪಿಗೆ ಇಲ್ಲ. ನಾನು ಸಮೂಹಗಾಯನ ಕಲಿಸುವವಳು. 2024ರ ಹಾಡುಹಬ್ಬಕ್ಕೆ ವಿಲ್ನಿಯಸ್‌ಗೆ ಹೋಗಿದ್ದೆ. ಮೊದಲ ಹಬ್ಬ 1924ರಲ್ಲಿ ಕೌನಸ್‌ನಲ್ಲಿ ನಡೆದದ್ದು, ಹಾಗಾಗಿ ಅದು ಶತಮಾನೋತ್ಸವ. ವಿಂಗಿಸ್ ಪಾರ್ಕಿನಲ್ಲಿ ಅಷ್ಟು ದೊಡ್ಡ ಗುಂಪು ನಾಲ್ಕು ಸ್ತರಗಳಲ್ಲಿ ಶುದ್ಧ ಶ್ರುತಿಯಲ್ಲಿ ಹಾಡಿದಾಗ ಆಗುವ ಅನುಭವವೇ ಬೇರೆ. ಹಳ್ಳಿಯ ಶಾಲಾಮಕ್ಕಳಿಂದ ಹಿಡಿದು ವೃತ್ತಿಪರರವರೆಗೆ ವರ್ಷಗಟ್ಟಲೆ ಅಭ್ಯಾಸ ಮಾಡಿ ಬಂದಿರುತ್ತಾರೆ.

ಬಲ್ಯುಸ್ ಹಾಡುಗಳನ್ನೂ ಕೇಳಿದ್ದೇನೆ. ಅವೇ ಮೂರು ನಾಲ್ಕು ಕಾರ್ಡ್‌ಗಳು, ಕೀಬೋರ್ಡಿನೊಳಗೆ ಮೊದಲೇ ತುಂಬಿಟ್ಟ ತಾಳ, ಕೊನೆಯ ಪಲ್ಲವಿಗೆ ಅರ್ಧ ಸ್ವರ ಮೇಲೆ ಹೋಗುವುದು. ಸೂತ್ರಕ್ಕೆ ಕಟ್ಟಿದ ಹಾಡು. ಜನ ಇಷ್ಟಪಡುತ್ತಾರೆ ಎಂದ ಮಾತ್ರಕ್ಕೆ ಅದೂ ಇದೂ ಒಂದೇ ತೂಕ ಆಗುವುದಿಲ್ಲ.

ನೆಮುನಾಸ್ ತೀರ

ಮೇಡಂ, ಒಂದೇ ತೂಕ ಅಂತ ನಾನೂ ಹೇಳ್ತಾ ಇಲ್ಲ. ಹಾಡುಹಬ್ಬದ ಶ್ರಮ ದೊಡ್ಡದು, ಅದನ್ನ ಕಡಿಮೆ ಮಾಡೋ ಉದ್ದೇಶ ನನಗಿಲ್ಲ. ನಾನು ಕೇಳೋದು ಈ ಹಾಡುಗಳು ಮಾಡೋ ಕೆಲಸ ಏನು ಅಂತ. ಹಾಡುಹಬ್ಬ ಬರೋದು ನಾಲ್ಕು ವರ್ಷಕ್ಕೊಮ್ಮೆ. ಅದರ ಹಾಡಲ್ಲಿ ಇರೋದು ನಾಡು, ತಾಯಿ, ನದಿ, ಓಕ್ ಮರ. ಒಬ್ಬ ಟ್ರ್ಯಾಕ್ಟರ್ ಚಾಲಕ ಮೂವತ್ತು ವರ್ಷ ಜೊತೆಗಿದ್ದ ಹೆಂಡತಿಗೆ ಏನಾದ್ರೂ ಹೇಳಬೇಕು, ಅವನಿಗೆ ಮಾತು ಬರಲ್ಲ ಅಂದ್ರೆ, ಅವನು ಆರ್ಕೆಸ್ಟ್ರಾದವರ ಹತ್ರ ಹೋಗಿ ಪೊವಿಲಾಯ್ಟಿಸ್ ಹಾಡು ಕೇಳ್ತಾನೆ. ಆ ಮೂರೂವರೆ ನಿಮಿಷದಲ್ಲಿ ಅವನು ಹೇಳಬೇಕಾದ್ದು ಅವಳಿಗೆ ತಲುಪುತ್ತೆ.

ಸೂತ್ರದ ಬಗ್ಗೆ ಒಂದು ಮಾತು. ವಾಲ್ಟ್ಜ್‌ಗೂ ಟ್ಯಾಂಗೋಗೂ ಸೂತ್ರ ಇರಲೇಬೇಕು, ಇಲ್ಲದಿದ್ರೆ ಕಾಲು ಹಾಕೋಕೆ ಆಗಲ್ಲ. ಕುಣಿಯೋಕೆ ಕಟ್ಟಿದ ಹಾಡನ್ನ ಕೂತು ಕೇಳೋ ಹಾಡಿನ ಅಳತೆಯಲ್ಲಿ ತೂಗಬಾರದು.

ಪಲಾಂಗದ ಸೊಸೆ

ನಾನು ಮಂಗಳೂರಿನವಳು, ಮದುವೆಯಾಗಿ ಇಲ್ಲಿಯ ಕಡಲತೀರದಲ್ಲಿದ್ದೇನೆ. ಇಬ್ಬರ ಮಾತೂ ಓದಿದೆ. ಮದುವೆಯಲ್ಲಿ ಈ ಹಾಡು ಬರುವ ಕ್ರಮ ಗೊತ್ತಾದರೆ ಚರ್ಚೆಗೆ ಅನುಕೂಲ ಅಂತ ಬರೆಯುತ್ತಿದ್ದೇನೆ.

ಹಳ್ಳಿ ಕಡೆ ಮದುವೆ ಈಗಲೂ ಎರಡು ದಿನ. ಪಿರ್ಶ್ಲಿಸ್ ಅಂತ ಮಾತುಗಾರ ಗಂಡಸೊಬ್ಬ, ಸ್ವೊಚ್ಯಾ ಅಂತ ಹಿರಿಯ ಹೆಂಗಸೊಬ್ಬಳು ಸಮಾರಂಭ ನಡೆಸುತ್ತಾರೆ. ಉದ್ದ ಮೇಜು, ಹೆರಿಂಗ್ ಮೀನು, ಬಿಳಿ ಸಲಾಡ್, ನಡುವೆ ಮುಳ್ಳುಮುಳ್ಳಾದ ಎತ್ತರದ ಶಕೋತಿಸ್ ಕೇಕು. ಊಟ ಮಾಡುತ್ತಿದ್ದ ಹಾಗೇ ಯಾರೋ ‘ಕಾರ್ತು, ಕಾರ್ತು’ ಅಂತ ಕೂಗುತ್ತಾರೆ, ಎಲ್ಲರೂ ದನಿ ಸೇರಿಸುತ್ತಾರೆ. ಪಾನೀಯ ಕಹಿ ಇದೆ, ಮುತ್ತು ಕೊಟ್ಟು ಸಿಹಿ ಮಾಡಿ ಅಂತ ಮದುಮಕ್ಕಳಿಗೆ ಹೇಳುವ ಮಾತದು. ಮೊದಲಿಗೆ ಮೇಜಿನ ಹಾಡು, ಹೆಚ್ಚಾಗಿ ಜನಪದ. ಅದಕ್ಕೆ ವಾದ್ಯ ಬೇಡ, ಹಿರಿಯರು ಎತ್ತಿಕೊಡುತ್ತಾರೆ, ಉಳಿದವರು ಎರಡನೇ ದನಿ ಹಿಡಿಯುತ್ತಾರೆ. ಆಮೇಲೆ ಪೋಲ್ಕಾ, ಆಟ, ಗಲಾಟೆ. ಪ್ರೇಮಗೀತೆಗಳು ಬರುವುದು ಎಲ್ಲರೂ ಸುಸ್ತಾದ ಮೇಲೆ. ಆಗ ಅತ್ತೆ-ಮಾವ, ಚಿಕ್ಕಪ್ಪ-ಚಿಕ್ಕಮ್ಮ ಎದ್ದು ಬರುತ್ತಾರೆ. ಚಿಕ್ಕ ಹುಡುಗಿಯರು ಅಜ್ಜನ ಜೊತೆ ಕುಣಿಯುತ್ತಾರೆ. ಗಂಡ ತೀರಿಕೊಂಡ ಹೆಂಗಸರು ಇಬ್ಬಿಬ್ಬರು ಸೇರಿ ಕುಣಿಯುತ್ತಾರೆ, ಅದನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ.

ನಮ್ಮ ಅತ್ತೆಗೆ ವಾರದ ದೊಡ್ಡ ಕಾರ್ಯಕ್ರಮ ಅಂದರೆ ರಾಷ್ಟ್ರೀಯ ಟಿವಿಯ ‘ಸ್ವೇಕಿನಿಮು ಕೊಂತ್ಸೆರ್ತಸ್’. ಇಂಥ ಊರಿನ ಇಂಥ ಅಜ್ಜಿಗೆ ಎಂಬತ್ತು ತುಂಬಿತು, ಮಕ್ಕಳು ಮೊಮ್ಮಕ್ಕಳು ಶುಭ ಕೋರುತ್ತಾರೆ ಅಂತ ಓದಿ, ಅವರಿಗಾಗಿ ಒಂದು ಹಾಡು ಹಾಕುತ್ತಾರೆ. ಅತ್ತೆ ಹೆಸರುಗಳನ್ನು ಗಮನವಿಟ್ಟು ಕೇಳುತ್ತಾರೆ. ಗೊತ್ತಿರುವವರು ಬಂದರೆ ಫೋನು ಮಾಡುತ್ತಾರೆ.

ಕೆಂಪು ಬಸ್ಸು

ಅಕ್ಕ, ಇದು ಓದಿ ನಮ್ಮ ಆಕಾಶವಾಣಿಯ ಕೋರಿಕೆ ಕಾರ್ಯಕ್ರಮನೇ ಕಣ್ಮುಂದೆ ಬಂತು. ಊರು, ಮನೆಮಂದಿ ಹೆಸರು ಎಲ್ಲ ಓದಿ ಆಮೇಲೆ ಹಾಡು. ಹಾಡಿಗಿಂತ ಹೆಸರು ಬರೋದೇ ದೊಡ್ಡ ಸಂಭ್ರಮ ಆಗಿತ್ತು.

ಅಲ್ಲಿ ಬಲ್ಯುಸ್ ಹಾಡಿಗೇ ಅಂತ ರೇಡಿಯೋ ಇದೆಯಾ?

ಪಲಾಂಗದ ಸೊಸೆ

ಇದೆ. ‘ಲಿಯೆತುಸ್’ ಅನ್ನುವ ಸ್ಟೇಷನ್ ಲಿಥುವೇನಿಯನ್ ಹಾಡುಗಳನ್ನೇ ಹಾಕುತ್ತದೆ. ಕೌನಸ್‌ನ ‘ಪೂಕಸ್’ ಇನ್ನೂ ಹಳ್ಳಿ ಪಾರ್ಟಿ ಕಡೆಗೆ. ರಾಷ್ಟ್ರೀಯ ಟಿವಿಯ ‘ದುವೊಕಿಮ್ ಗಾರೊ’ದಲ್ಲಿ ಊರೂರಿನ ಕಪೆಲಾಗಳು, ಅಂದರೆ ಅಕಾರ್ಡಿಯನ್-ಪಿಟೀಲಿನ ಹಳ್ಳಿ ತಂಡಗಳು, ಬಂದು ನುಡಿಸುತ್ತವೆ.

ಅರೆಮನಸ್ಸಿನ ಓದುಗ

ನಾನು ಸ್ವಲ್ಪ ಕಟುವಾಗಿ ಕೇಳ್ತೀನಿ, ತಪ್ಪು ತಿಳಿಯಬೇಡಿ. 1929ರಿಂದ ನೇರ ಇವತ್ತಿಗೆ ಹಾರಿಬಿಟ್ರಿ. ನಡುವೆ ಸೋವಿಯತ್ ಕಾಲ ಇದೆ. 1940ರಿಂದ 1953ರ ನಡುವೆ ಈ ದೇಶದಿಂದ ಲಕ್ಷಕ್ಕೂ ಹೆಚ್ಚು ಜನರನ್ನ ಸೈಬೀರಿಯಾ ಕಡೆಗೆ ಸಾಗಿಸಿದ್ರು. ಅಂಥ ಆಡಳಿತ ರೇಡಿಯೋದಲ್ಲಿ ಪ್ರೇಮಗೀತೆ ಹಾಕಿಸ್ತು ಅಂದ್ರೆ ಅದರಿಂದ ತನಗೇನೂ ತೊಂದರೆ ಇಲ್ಲ ಅಂತ ತಾನೇ? ಪೊವಿಲಾಯ್ಟಿಸ್ ಥರದವರ ಎಸ್ತ್ರಾದಾ ಹಾಡು ಜನರನ್ನ ಸುಮ್ಮನಿರಿಸೋ ಔಷಧಿ ಆಗಿತ್ತು ಅಂತ ಯಾಕೆ ಹೇಳಬಾರದು? ಅದನ್ನ ಭಾಷೆ ಉಳಿಸಿದ ವೀರಗಾಥೆ ಮಾಡೋದು ಸರಿ ಕಾಣಲ್ಲ.

ಹಳೇ ಗ್ರಾಮಫೋನ್

ವೀರಗಾಥೆ ಮಾಡಬಾರದು, ಒಪ್ಪಿದೆ. ಆದರೆ ಔಷಧಿ ಎಂದೂ ಮುಗಿಸಿಬಿಡಲಾಗದು.

ಎಸ್ತ್ರಾದಾ ಎಂದರೆ ಸೋವಿಯತ್ ಒಕ್ಕೂಟದಲ್ಲಿ ಲಘುಸಂಗೀತಕ್ಕಿದ್ದ ಹೆಸರು. ಅಲ್ಲಿ ಹಾಡಿನ ಸಾಹಿತ್ಯ ಅಧಿಕಾರಿಗಳ ಕಣ್ಣಿನಡಿ ಹಾದು ಬರಬೇಕಿತ್ತು, ಡಿಸ್ಕ್ ತರುತ್ತಿದ್ದದ್ದು ಸರ್ಕಾರದ ಮೆಲೋದಿಯಾ ಸಂಸ್ಥೆ ಒಂದೇ. ದೇಶಪ್ರೇಮ, ಧರ್ಮ, ಕಳೆದ ಸ್ವಾತಂತ್ರ್ಯ ಯಾವುದನ್ನೂ ಮುಟ್ಟುವಂತಿಲ್ಲ. ಪ್ರೇಮ ಮತ್ತು ಪ್ರಕೃತಿ ಮಾತ್ರ ಸುರಕ್ಷಿತ. ಅದಕ್ಕೇ ಆ ಕಾಲದ ಹಾಡಿನಲ್ಲಿ ಅಷ್ಟೊಂದು ಸಮುದ್ರ, ಮರಳದಿಬ್ಬ, ಕಡಲಹಕ್ಕಿ, ಬರ್ಚ್ ಮರ. ಸರ್ಕಾರಕ್ಕೆ ಅದು ನಿರುಪದ್ರವಿ. ಹಾಡುವವರಿಗೆ? ಕಚೇರಿಯಲ್ಲಿ, ಸೈನ್ಯದಲ್ಲಿ ರಷ್ಯನ್ ಆಡಿ ಬಂದವನು ಸಂಜೆ ರೆಸ್ಟೋರೆಂಟಿನಲ್ಲಿ ತನ್ನ ಭಾಷೆಯಲ್ಲಿ, ತನ್ನ ಕಡಲತೀರದ ಹೆಸರು ಹೇಳುವ ಹಾಡಿಗೆ ಕುಣಿಯುತ್ತಿದ್ದ. ಅದು ಪ್ರತಿಭಟನೆಯಲ್ಲ. ಆದರೆ ಆ ಮೂಲೆಗೆ ರಷ್ಯನ್ ಪೂರ್ತಿಯಾಗಿ ನುಗ್ಗಲಿಲ್ಲ. ಬೆಂಜಮಿನಸ್ ಗೊರ್ಬುಲ್ಸ್ಕಿಸ್ ತರಹದ ಸಂಯೋಜಕರು ಆರ್ಕೆಸ್ಟ್ರಾಗೆ ಬರೆಯಬಲ್ಲಷ್ಟು ಪಳಗಿದವರು. ಶ್ರುತಿ ಅವರು ಆ ಕಾಲದ ರೇಡಿಯೋ ಧ್ವನಿಮುದ್ರಣಗಳನ್ನು ಒಮ್ಮೆ ಕೇಳಿ ನೋಡಲಿ, ಇವತ್ತಿನ ಕೀಬೋರ್ಡು ತಾಳಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ.

ಅದೇ ಕಾಲದಲ್ಲಿ ಇನ್ನೊಂದು ದಾರಿಯೂ ತೆರೆದುಕೊಂಡಿತ್ತು. ವಿತೌತಸ್ ಕೆರ್ನಾಗಿಸ್ (1951–2008) ಗಿಟಾರ್ ಹಿಡಿದು ಮಾರ್ತ್ಸೆಲಿಯುಸ್ ಮಾರ್ತಿನಾಯ್ಟಿಸ್ ಅವರಂಥ ಕವಿಗಳ ಪದ್ಯಗಳನ್ನು ಹಾಡಿದರು. ಅದಕ್ಕೆ ‘ಹಾಡುವ ಕಾವ್ಯ’ ಎನ್ನುತ್ತಾರೆ, ನಮ್ಮ ಭಾವಗೀತೆಗೆ ತೀರ ಹತ್ತಿರದ ನೆಂಟ. ಓದಿದವರು ಅದನ್ನು ಎತ್ತಿ ಹಿಡಿಯುತ್ತಾರೆ, ಪೊವಿಲಾಯ್ಟಿಸ್‌ರನ್ನು ಕೆಳಗಿಡುತ್ತಾರೆ. ಜನರ ಮನೆಯಲ್ಲಿ ಎರಡೂ ಡಿಸ್ಕ್ ಒಂದೇ ಕಪಾಟಿನಲ್ಲಿದ್ದವು.

ಅರೆಮನಸ್ಸಿನ ಓದುಗ

ಆ ಮೂಲೆಗೆ ರಷ್ಯನ್ ನುಗ್ಗಲಿಲ್ಲ ಅಂದ್ರಲ್ಲ, ಅದನ್ನ ಒಪ್ಪಬಹುದು. ಆದ್ರೆ 1987ರಿಂದ 89ರವರೆಗೆ ಊರೂರು ಸುತ್ತಿದ ರಾಕ್ ಮೆರವಣಿಗೆಗಳು, ‘ಆಂತಿಸ್’ ತಂಡ, ಅವು ಮಾಡಿದ ಕೆಲಸ ಬೇರೆಯೇ ಮಟ್ಟದ್ದು. ಸ್ವಾತಂತ್ರ್ಯದ ಹೋರಾಟವನ್ನ ಹಾಡುವ ಕ್ರಾಂತಿ ಅಂತ ಕರೆದದ್ದು ಬಲ್ಯುಸ್ ಹಾಡು ನೋಡಿ ಅಲ್ಲ.

ನೆಮುನಾಸ್ ತೀರ

ನಿಜ, ಅಲ್ಲ. ಆದ್ರೆ 1990ರ ಮಾರ್ಚ್ 11ರಂದು ಸ್ವಾತಂತ್ರ್ಯ ಘೋಷಣೆ ಆದ ಮೇಲೆ ಏನಾಯ್ತು ನೋಡಿ. 1989ರ ಕೊನೆಯಲ್ಲೇ ಮೊದಲ ಖಾಸಗಿ ರೇಡಿಯೋ ಎಂ-1 ಶುರುವಾಗಿತ್ತು. ವಿಲ್ನಿಯಸ್ ಹೊರವಲಯದ ಗರಿಯೂನೈ ಸಂತೆಯಲ್ಲಿ ಕ್ಯಾಸೆಟ್ ರಾಶಿ. ಪಶ್ಚಿಮದ ಪಾಪ್ ಒಮ್ಮೆಲೇ ಬಂತು. ಕಾರ್ಖಾನೆಗಳು ಮುಚ್ಚಿದವು, ಸಾಮೂಹಿಕ ತೋಟಗಳು ಒಡೆದವು, ಉಳಿತಾಯದ ರೂಬಲ್‌ಗೆ ಬೆಲೆ ಇಲ್ಲದಂತಾಯ್ತು. ಅಂಥ ಹೊತ್ತಲ್ಲಿ ಹಳ್ಳಿಯವರು ಕೇಳಿದ್ದು ಇದೇ ಸರಳ ಪ್ರೇಮಗೀತೆಗಳನ್ನ. ವಾದ್ಯವೃಂದಕ್ಕೆ ಕೊಡೋಕೆ ಯಾರ ಹತ್ರನೂ ದುಡ್ಡಿರಲಿಲ್ಲ, ಹಾಗಾಗಿ ಕೀಬೋರ್ಡು ಬಂತು. ಶ್ರುತಿ ಮೇಡಂ ಹೇಳಿದ ಆ ಸಿದ್ಧ ತಾಳ ಬಂದದ್ದು ಬಡತನದಿಂದ.

ರಾಕ್‌ನವರೂ ಪ್ರೇಮಗೀತೆಯಿಂದ ದೂರ ಇರಲಿಲ್ಲ. ಆಂದ್ರಿಯುಸ್ ಮಾಮೊಂತೊವಸ್ ಅವರ ‘ಫೋಯೆ’ ತಂಡ 1983ರಿಂದ 1997ರವರೆಗೆ ಇತ್ತು. ಬೆಂಕಿ ಹಾಕಿಕೊಂಡು ಸುತ್ತ ಕೂತವರಿಗಾಗಿ ಅವರು ಕಟ್ಟಿದ ಹಾಡು ಇವತ್ತು ಜೂನ್ 24ರ ಯೊನಿನೆಸ್ ಹಬ್ಬದ ರಾತ್ರಿ ಪಾರ್ಟಿ ಹಾಡೇ ಆಗಿಬಿಟ್ಟಿದೆ. ಇದು ರಾಕ್, ಇದು ಬಲ್ಯುಸ್ ಅಂತ ಅಲ್ಲಿ ಯಾರೂ ಗೆರೆ ಎಳೆಯಲ್ಲ.

ಕಾಫಿ ಕಡು

ವಿಲ್ನಿಯಸ್‌ನಲ್ಲಿ ಎಂಜಿನಿಯರಿಂಗ್ ಓದ್ತಿದ್ದೀನಿ. ನಮ್ಮ ವಯಸ್ಸಿನವರ ಕಥೆ ಹೇಳ್ತೀನಿ ಕೇಳಿ.

1994ರಲ್ಲಿ ಲಿಥುವೇನಿಯಾ ಮೊದಲ ಸಲ ಯೂರೋವಿಷನ್‌ಗೆ, ಅಂದ್ರೆ ಯುರೋಪಿನ ದೇಶಗಳ ನಡುವಿನ ಹಾಡಿನ ಸ್ಪರ್ಧೆಗೆ ಹೋಯ್ತು. ಕಳಿಸಿದ್ದು ಒವಿದಿಯುಸ್ ವಿಶ್ನ್ಯೌಸ್ಕಸ್ ಅವರನ್ನ, ಪ್ರಿಯತಮೆಗೆ ಹಾಡೋ ಲಾಲಿ ಜೊತೆ. ಒರಟು ದನಿ, ಮೃದುವಾದ ಹಾಡು, ಲಿಥುವೇನಿಯನ್ ಭಾಷೆ. ಸಿಕ್ಕಿದ್ದು ಸೊನ್ನೆ ಅಂಕ, ಕೊನೇ ಸ್ಥಾನ. 1999ರವರೆಗೆ ದೇಶ ಮತ್ತೆ ಆ ಕಡೆ ಹೋಗಲಿಲ್ಲ. ಆ ವರ್ಷ ಹೋಗಿದ್ದು ಪಶ್ಚಿಮದ ಜೆಮಾಯ್ತಿಯಾ ಕಡೆಯ ನುಡಿಯಲ್ಲಿ. ಆಮೇಲೆ ಎರಡು ದಶಕ ಹೆಚ್ಚುಕಡಿಮೆ ಇಂಗ್ಲಿಷೇ. 2006ರಲ್ಲಿ ಇಂಗ್ಲಿಷ್ ಹಾಡಿಗೆ 6ನೇ ಸ್ಥಾನ ಬಂದಿದ್ದೇ ಇವತ್ತಿಗೂ ಅವರ ಅತ್ಯುತ್ತಮ.

2022ರಲ್ಲಿ ಟ್ಯುರಿನ್‌ಗೆ ಮೊನಿಕಾ ಲಿಯು ಹೋದ್ರು. ಕ್ಲೈಪೆದಾದವರು, ಬಾಸ್ಟನ್‌ನ ಬರ್ಕ್ಲಿ ಸಂಗೀತ ಕಾಲೇಜಲ್ಲಿ ಓದಿದವರು, ಬೇಕಿದ್ರೆ ಇಂಗ್ಲಿಷ್‌ನಲ್ಲಿ ಹಾಡಬಹುದಿತ್ತು. ಪೂರ್ತಿ ಲಿಥುವೇನಿಯನ್‌ನಲ್ಲಿ ಹಾಡಿದ್ರು. ಹಾಡಿನ ಮೈಕಟ್ಟು ಹಳೇ ಎಸ್ತ್ರಾದಾದ್ದು, ಅಜ್ಜಿ ಕಾಲದ ರೆಸ್ಟೋರೆಂಟ್ ಹಾಡಿನ ನೆರಳು ಸ್ಪಷ್ಟ ಕಾಣುತ್ತೆ. 14ನೇ ಸ್ಥಾನ ಬಂತು. 2024ರಲ್ಲಿ ಸಿಲ್ವೆಸ್ಟರ್ ಬೆಲ್ಟ್ ಮತ್ತೆ ಲಿಥುವೇನಿಯನ್‌ನಲ್ಲೇ ಹಾಡಿ 14ನೇಯವರಾದ್ರು. 2025ರಲ್ಲಿ ‘ಕತಾರ್ಸಿಸ್’ ತಂಡ, 16ನೇ ಸ್ಥಾನ. ಸೊನ್ನೆ ತಂದ ಭಾಷೆ ಅಂತ ಹೆದರಿದ್ದ ಕಾಲ ಹೋಯ್ತು.

ನನ್ನ ತರಗತಿಯವರು ಜೆಸ್ಸಿಕಾ ಶೈ ಹಾಡು ಕೇಳ್ತಾರೆ. ಆಕೆ ಹಾಡೋದು ಲಿಥುವೇನಿಯನ್‌ನಲ್ಲಿ, ವಿಷಯ ಪ್ರೇಮವೇ. ದೊಡ್ಡ ದೊಡ್ಡ ಜಾಗ ತುಂಬುತ್ತೆ. ಅವರು ಇದನ್ನ ಪೊಪ್ಸಸ್ ಅಂತ ಹೀಯಾಳಿಸಲ್ಲ. ನನ್ನ ಪ್ರಕಾರ ಆ ನಾಚಿಕೆ ಒಂದು ತಲೆಮಾರಿನದು, ನಲವತ್ತರಿಂದ ಅರವತ್ತರೊಳಗಿನವರದು. ಹಳ್ಳಿಯಿಂದ ಬಂದದ್ದನ್ನ ಮರೆಸಬೇಕು ಅಂತ ಅವರಿಗೆ ಅನ್ನಿಸಿತ್ತು. ನಮ್ಮ ವಯಸ್ಸಿನವರಿಗೆ ಮರೆಸೋ ಗರಜು ಇಲ್ಲ.

ಧಾರವಾಡದ ಗಾಳಿ

ತಮ್ಮಾ, ಕಡೀ ಮಾತು ಖರೇ ಹೇಳಿದಿ. ಇಲ್ಲೂ ಹಂಗ ಐತಿ. ಸೋಬಾನ ಪದಕ್ಕ ನಾಚಿಕೊಂಡವ್ರ ಮಕ್ಕಳು ಈಗ ಮದಿವ್ಯಾಗ ಅದನ್ನ ಹುಡಿಕ್ಯಾಡಿ ಹಾಡಿಸ್ತಾರ.

ಥೇಮ್ಸ್ ದಂಡೆ

ಲಂಡನ್ ಕಡೆಯಿಂದ. 2004ರ ಮೇ 1ಕ್ಕೆ ಲಿಥುವೇನಿಯಾ ಐರೋಪ್ಯ ಒಕ್ಕೂಟ ಸೇರಿದ ಮೇಲೆ ಬ್ರಿಟನ್ನಿಗೂ ಐರ್ಲೆಂಡಿಗೂ ಅಲ್ಲಿಂದ ಬಹಳ ಜನ ಬಂದರು. 1990ರ ಹೊತ್ತಿಗೆ 37 ಲಕ್ಷದಷ್ಟಿದ್ದ ಜನಸಂಖ್ಯೆ ಈಗ 29 ಲಕ್ಷದ ಆಸುಪಾಸು. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಮಾರಿಯೊನಸ್ ಮಿಕುತಾವಿಚ್ಯುಸ್ ‘ಮೂವತ್ತು ಲಕ್ಷ’ ಎಂಬ ಹೆಸರಿನದೇ ಹಾಡು ಕಟ್ಟಿದ್ದರು, ಬಾಸ್ಕೆಟ್‌ಬಾಲ್ ಪಂದ್ಯಗಳಲ್ಲಿ ಈಗಲೂ ಅದನ್ನೇ ಹಾಡುತ್ತಾರೆ. ಜನ ಆ ಲೆಕ್ಕಕ್ಕಿಂತ ಕೆಳಗಿಳಿದರು.

ನನ್ನ ಜೊತೆ ಗೋದಾಮಿನಲ್ಲಿ ಕೆಲಸ ಮಾಡಿದ ಲಿಥುವೇನಿಯನ್ನರು ವಾರಾಂತ್ಯದ ಕೂಟಗಳಿಗೆ ಕರೆಯುತ್ತಿದ್ದರು. ಅಲ್ಲಿ ರಾಕ್ ಇಲ್ಲ, ಸಮೂಹಗಾಯನ ಇಲ್ಲ. ಬಲ್ಯುಸ್ ಹಾಡುಗಳೇ. ‘ವಾಪಸ್ ಬರುತ್ತೇನೆ’ ಅನ್ನುವ ಸಾಲು ಊರಲ್ಲಿ ಕೇಳುವಾಗ ಪ್ರೇಮಿಯ ಮಾತು. ಇಲ್ಲಿ ಹಾಡುವಾಗ ಅದು ಅಮ್ಮನಿಗೆ, ಮಗುವಿಗೆ ಹೇಳಿದ ಮಾತು. ಒಬ್ಬಾಕೆ ಮಗನನ್ನು ಅಜ್ಜಿಯ ಹತ್ತಿರ ಬಿಟ್ಟು ಬಂದವಳು, ಆ ಸಾಲು ಬಂದಾಗ ಹಾಡುವುದನ್ನು ನಿಲ್ಲಿಸಿ ಹೊರಗೆ ಹೋಗುತ್ತಿದ್ದಳು. ಇದನ್ನು ಕಂಡ ಮೇಲೂ ಈ ಹಾಡುಗಳನ್ನು ಅಗ್ಗ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಶ್ರುತಿ ಸೇರಲಿ

ಥೇಮ್ಸ್ ದಂಡೆಯವರ ಮಾತಿಗೆ ನನ್ನಲ್ಲಿ ಎದುರುವಾದ ಇಲ್ಲ. ಆದರೆ ಇನ್ನೊಂದು ಪ್ರಶ್ನೆಯನ್ನು ಯಾರೂ ಎತ್ತಿಲ್ಲ. ಈ ಹಾಡುಗಳಲ್ಲಿ ಹೆಣ್ಣು ಏನು ಮಾಡುತ್ತಾಳೆ? ಕಾಯುತ್ತಾಳೆ, ಅಳುತ್ತಾಳೆ, ಕಣ್ಣು ನೀಲಿ, ಕೂದಲು ಹೊಂಬಣ್ಣ. ಗಂಡು ಕುಡಿಯುತ್ತಾನೆ, ಬಿಟ್ಟು ಹೋಗುತ್ತಾನೆ, ಪಶ್ಚಾತ್ತಾಪ ಪಡುತ್ತಾನೆ, ಅವಳು ಕ್ಷಮಿಸುತ್ತಾಳೆ. ಮದುವೆಯ ರಾತ್ರಿಯೇ ಇದನ್ನು ಹಾಡಿಸಿ ಹುಡುಗಿಗೆ ಯಾವ ಪಾಠ ಹೇಳುತ್ತಿದ್ದಾರೆ? ರಾಗ ಸಿಹಿಯಾಗಿದೆ ಎಂದು ಇದನ್ನು ಬಿಟ್ಟುಬಿಡಲಾಗದು.

ಪಲಾಂಗದ ಸೊಸೆ

ಶ್ರುತಿ, ನೀವು ಹೇಳಿದ್ದು ಸರಿ. ಕೆಲವು ಹಾಡು ಬಂದಾಗ ನಾನೇ ಎದ್ದು ಅಡುಗೆಮನೆಗೆ ಹೋಗುತ್ತೇನೆ.

ಆದರೆ ಹೆಣ್ಣುದನಿಯ ಹಾಡುಗಳನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಓನಾ ವಲ್ಯುಕೆವಿಚ್ಯೂತೆ, ನೆಲ್ಲಿ ಪಲ್ತಿನಿಯೆನೆ ಇವರಿಬ್ಬರೂ ಎಸ್ತ್ರಾದಾ ಕಾಲದ ದೊಡ್ಡ ಹೆಸರು. ತೊಂಬತ್ತರ ದಶಕದಲ್ಲಿ ಜೊರ್ದಾನಾ ಬುತ್ಕೂತೆ ಬಂದರು, ಎದೆ ಸೆಟೆಸಿ ಹಾಡುವ ದನಿ, ಕಾಯುವವಳ ದನಿಯಲ್ಲ ಅದು. ನಮ್ಮ ಅತ್ತೆ ಮತ್ತು ಅವರ ಗೆಳತಿಯರು ಪಲ್ತಿನಿಯೆನೆ ಹಾಡನ್ನು ಹಾಡುವಾಗ ಅದು ಗಂಡನಿಗಾಗಿ ಅಲ್ಲ ಅಂತ ನನಗೆ ಅನ್ನಿಸುತ್ತದೆ. ಬೇಸಿಗೆಯಲ್ಲಿ ಪಲಾಂಗದ ಸೇತುವೆ ಮೇಲೆ ಹೊಸ ಬಟ್ಟೆ ಹಾಕಿಕೊಂಡು ತಾವೇ ಓಡಾಡಿದ ದಿನಗಳಿಗಾಗಿ ಅದು. ಕೇಳಿದರೆ ಅತ್ತೆ ‘ಆಗ ನಾವು ಚೆಂದ ಇದ್ದೆವು’ ಅನ್ನುತ್ತಾರೆ, ಅಷ್ಟೇ.

ಕಟು ಸಾಲುಗಳನ್ನು ಈಗಿನ ಹುಡುಗಿಯರು ಸುಮ್ಮನೆ ಸಹಿಸುವುದಿಲ್ಲ. ನಾದಿನಿಯ ಮದುವೆಗೆ ತಂಡದವರಿಗೆ ಮೊದಲೇ ಪಟ್ಟಿ ಕೊಟ್ಟಿದ್ದಳು, ಯಾವುದು ಬೇಕು, ಯಾವುದು ಬೇಡ ಅಂತ.

ಶ್ರುತಿ ಸೇರಲಿ

ಆ ಪಟ್ಟಿಯ ವಿಷಯ ಓದಿ ಸಂತೋಷವಾಯಿತು. ಹಾಗಾದರೆ ಚರ್ಚೆಯನ್ನು ಹೀಗೆ ಇಡಬಹುದಲ್ಲ: ಈ ಪ್ರಕಾರಕ್ಕೆ ಜಾಗ ಬೇಕು, ಜೊತೆಗೆ ಅದರೊಳಗೆ ಒಳ್ಳೆಯದು ಕೆಟ್ಟದ್ದು ಆರಿಸುವ ವಿಮರ್ಶೆಯೂ ಬೇಕು. ಹಾಡುಹಬ್ಬದ ಪ್ರತಿ ಕೃತಿಯನ್ನೂ ವಿಮರ್ಶಿಸುತ್ತಾರೆ. ಬಲ್ಯುಸ್ ಹಾಡಿಗೆ ಸಿಗುವುದು ಒಂದೋ ಕುರುಡು ಪ್ರೀತಿ, ಇಲ್ಲವೇ ಒಟ್ಟಾರೆ ತಿರಸ್ಕಾರ.

ನೆಮುನಾಸ್ ತೀರ

ಇದು ನನಗೆ ತುಂಬಾ ಹಿಡಿಸಿತು ಮೇಡಂ. ತಿರಸ್ಕಾರ ಇರೋವರೆಗೂ ವಿಮರ್ಶೆ ಹುಟ್ಟಲ್ಲ. ಇವತ್ತಿನ ಪಾರ್ಟಿ ಗಾಯಕರಲ್ಲಿ ಕೆಲವರು ಹಳೇ ರಾಗಕ್ಕೆ ಕಳಪೆ ಸಾಹಿತ್ಯ ತುಂಬ್ತಾರೆ, ಅದನ್ನ ಕಳಪೆ ಅಂತಲೇ ಹೇಳಬೇಕು. ಹಾಗೆ ಹೇಳೋ ಹಕ್ಕು ಬರೋದು ಒಳ್ಳೆಯದನ್ನ ಕಿವಿಗೊಟ್ಟು ಕೇಳಿದವರಿಗೆ.

ಕೆಂಪು ಬಸ್ಸು

ಏನೂ ಗೊತ್ತಿಲ್ಲದ ನಮ್ಮಂಥವರು ಎಲ್ಲಿಂದ ಶುರು ಮಾಡೋಣ ಹೇಳಿ ಗುರುಗಳೇ. ಭಾಷೆ ಬರಲ್ಲ.

ಹಳೇ ಗ್ರಾಮಫೋನ್

ಮೊದಲು ಡೋಲ್ಸ್ಕಿಸ್. ಡಿಸ್ಕಿನ ಕರಕರ ಸದ್ದಿನ ಹಿಂದೆ ಆ ನಗುವ ದನಿ ಕೇಳಿಸಿದರೆ ಭಾಷೆ ಅಡ್ಡ ಬರುವುದಿಲ್ಲ. ಆಮೇಲೆ ಶಬಾನ್ಯೌಸ್ಕಸ್ ಟ್ಯಾಂಗೋಗಳು, ರಾತ್ರಿ ಕೇಳಿ. ಅಲ್ಲಿಂದ ಪೊವಿಲಾಯ್ಟಿಸ್, ವಲ್ಯುಕೆವಿಚ್ಯೂತೆ. ವಾದ್ಯವೃಂದ ಜೊತೆಗಿರುವ ಹಳೆಯ ಮುದ್ರಣವನ್ನೇ ಹುಡುಕಿ, ಆಮೇಲಿನ ಕೀಬೋರ್ಡು ರೂಪ ಬೇಡ. ಕೊನೆಗೆ ಮೊನಿಕಾ ಲಿಯು. ಈ ಕ್ರಮದಲ್ಲಿ ಕೇಳಿದರೆ ನಡುವೆ ಏನು ಉಳಿಯಿತು, ಏನು ಹೋಯಿತು ಎಂಬುದು ತಾನಾಗಿ ಗೊತ್ತಾಗುತ್ತದೆ.

ಪಲಾಂಗದ ಸೊಸೆ

ಭಾಷೆಯ ಚಿಂತೆ ಬೇಡ. ಪಲ್ಲವಿ ಮೂರು ಸಲ ಬರುತ್ತದೆ, ಮೂರನೇ ಸಲಕ್ಕೆ ಪಕ್ಕದವರೇ ನಿಮಗೆ ಕಲಿಸಿಬಿಡುತ್ತಾರೆ. ಬೇಸಿಗೆಯಲ್ಲಿ ಈ ಕಡೆ ಬರುವುದಿದ್ದರೆ ಪಲಾಂಗದ ಬಸಾನವಿಚ್ಯೌಸ್ ಬೀದಿಯಲ್ಲಿ ಸಂಜೆ ಏಳರ ಮೇಲೆ ನಡೆದುಕೊಂಡು ಹೋಗಿ, ಒಂದೊಂದು ಹೋಟೆಲಿನ ಮುಂದೆ ಒಂದೊಂದು ತಂಡ ನುಡಿಸುತ್ತಿರುತ್ತದೆ. ಯಾರಾದರೂ ಕುಣಿಯಲು ಕೈ ಚಾಚಿದರೆ ಬೇಡ ಅನ್ನಬೇಡಿ.